ಡಿಸೆಂಬರಿನ ಪುನರ್ವಸು ಮಳೆ

ಕೊನೆಯ ಎಂಟು ಮೆಟ್ಟಿಲು ಕಬ್ಬಿಣದ ಏಣಿ. ಸರಳು ಹಿಡಿದರೆ ಅಂಗೈಗೆ ಥಂಡಿ ಹತ್ತುತ್ತದೆ. ಒಂದು ಕಂಕುಳಲ್ಲಿ ಸುತ್ತಿದ ಜಮಖಾನ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಫ್ಲಾಸ್ಕು. ಹಿಂದೆ ಅಕ್ಕನ ಮಗಳು. ಮಂಕಿ ಕ್ಯಾಪಿನೊಳಗಿಂದ ಅವಳ ಕಣ್ಣು ಮೂಗು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ. ಎದೆಗವಚಿಕೊಂಡ ಸ್ಟೀಲ್ ಡಬ್ಬಿಯಲ್ಲಿ ಬೇಯಿಸಿದ ಕಡಲೇಕಾಯಿ. ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ಸೇರುಗಟ್ಟಲೆ ತಂದದ್ದು ಇನ್ನೂ ಮುಗಿದಿಲ್ಲ.

2023ರ ಡಿಸೆಂಬರ್ 14, ಗುರುವಾರ, ರಾತ್ರಿ ಹತ್ತೂವರೆ. ಬೆಂಗಳೂರಿನ ಹನುಮಂತನಗರ. ಕಾರ್ತಿಕದ ಅಮಾವಾಸ್ಯೆ ಕಳೆದು ಎರಡೇ ದಿನ. ಬಿದಿಗೆಯ ಚಂದ್ರ ಸಂಜೆಯೇ ಮುಳುಗಿಹೋಗಿದ್ದಾನೆ. ಮಿಥುನ ರಾಶಿಯ ಉಲ್ಕಾವೃಷ್ಟಿ ಈ ರಾತ್ರಿ ಸುಮಾರು ಹನ್ನೆರಡೂವರೆಗೆ ತುತ್ತತುದಿ ಮುಟ್ಟುತ್ತದೆಂದು ಲೆಕ್ಕ ಹಾಕಿದ್ದಾರೆ. ಆ ತುದಿ ನಮ್ಮ ನಡುರಾತ್ರಿಗೇ ಬೀಳುವುದು, ಅದೂ ಚಂದ್ರನಿಲ್ಲದ ರಾತ್ರಿಯಲ್ಲಿ, ವರ್ಷ ವರ್ಷವೂ ಸಿಗುವ ಯೋಗವಲ್ಲ. ಆಗಸ್ಟಿನ ಪರ್ಸೀಡ್ ಉಲ್ಕೆಗಳ ಬಗ್ಗೆ ಜಗತ್ತೆಲ್ಲ ಮಾತಾಡುತ್ತದೆ. ಆದರೆ ಆಗ ನಮ್ಮ ತಲೆಯ ಮೇಲೆ ಮುಂಗಾರಿನ ಮೋಡ ಮುಚ್ಚಿಕೊಂಡಿರುತ್ತದೆ. ಕರ್ನಾಟಕದವರ ಪಾಲಿಗೆ ಉಲ್ಕೆಗಳ ಹಬ್ಬ ಅಂದರೆ ಇದೇ, ಈ ಡಿಸೆಂಬರಿನದು.

ತಾರಸಿಗೆ ಬಂದು ನಿಂತ ಕೂಡಲೇ ಅವಳು ಕತ್ತೆತ್ತಿ ನೋಡುತ್ತಾಳೆ. ಮುಖ ಸಣ್ಣಗಾಗುತ್ತದೆ.

"ಮಾಮ, ಇಲ್ಲಿ ಏನೂ ಇಲ್ವಲ್ಲ."

ಏನೂ ಇಲ್ಲ ಅನ್ನುವುದು ಸರಿಯಲ್ಲ. ನೆತ್ತಿಯಿಂದ ಸ್ವಲ್ಪ ಪಶ್ಚಿಮಕ್ಕೆ ಗುರು ದೀಪದ ಹಾಗೆ ಉರಿಯುತ್ತಿದ್ದಾನೆ. ಪೂರ್ವದಲ್ಲಿ ಮೇಲೆದ್ದ ಮಹಾವ್ಯಾಧನ ಸೊಂಟದ ಮೂರು ನಕ್ಷತ್ರಗಳಿವೆ. ಅವುಗಳ ಕೆಳಗೆ ಲುಬ್ಧಕ. ಅಷ್ಟು ಬಿಟ್ಟರೆ ಆಕಾಶದ ಬಣ್ಣ ಕಪ್ಪಲ್ಲ. ಹಳೆಯ ಅಲ್ಯೂಮಿನಿಯಂ ಪಾತ್ರೆಯ ಒಳಮೈ ಇದ್ದ ಹಾಗಿದೆ. ಉತ್ತರಕ್ಕೆ, ಮಾರ್ಕೆಟ್ಟು ಮೆಜೆಸ್ಟಿಕ್ಕುಗಳ ದಿಕ್ಕಿನಲ್ಲಿ, ಅದು ಇನ್ನೂ ಬಿಳಿಚಿ ಮನೆಗಳ ಅಂಚನ್ನೆಲ್ಲ ಕತ್ತರಿಸಿ ಇಟ್ಟಂತೆ ತೋರಿಸುತ್ತದೆ. ರಾಮಾಂಜನೇಯ ಗುಡ್ಡದ ಕಡೆ ಕಾರ್ತಿಕಕ್ಕೆ ಕಟ್ಟಿದ ಸೀರಿಯಲ್ ಸೆಟ್ಟನ್ನು ಯಾರೋ ಇನ್ನೂ ಬಿಚ್ಚಿಲ್ಲ. ನಮ್ಮ ಬೀದಿಯ ಕಂಬದ ಎಲ್‌ಇಡಿ ದೀಪ ರಸ್ತೆಗೆ ಎಷ್ಟು ಬೆಳಕು ಚೆಲ್ಲುತ್ತದೋ ಅಷ್ಟನ್ನೇ ನಮ್ಮ ಎರಡನೇ ಮಹಡಿಯ ಗೋಡೆಗೂ ಬಳಿಯುತ್ತದೆ. ಇವೆಲ್ಲಕ್ಕಿಂತ ಹತ್ತಿರದ ಬಾಧೆ ಪಕ್ಕದ ಮನೆಯ ತಾರಸಿ ಬಾಗಿಲ ಮೇಲಿನ ಬಲ್ಬು. ರಾತ್ರಿಯಿಡೀ ಉರಿಯುವ ಅದು ನಮ್ಮ ನೀರಿನ ಟ್ಯಾಂಕನ್ನು ಒಂದು ಬದಿಯಿಂದ ಬೆಳಗಿಸುತ್ತಿದೆ.

ಟ್ಯಾಂಕಿನ ಇನ್ನೊಂದು ಬದಿಗೆ ಅದರದೇ ನೆರಳಿದೆ. ಆರಡಿ ಉದ್ದ, ನಾಲ್ಕಡಿ ಅಗಲದ ಕತ್ತಲು. ಊರಲ್ಲಿ ಉಲ್ಕೆ ನೋಡಬೇಕೆನ್ನುವವರು ಮೊದಲು ಹುಡುಕಬೇಕಾದ್ದು ಇಂಥ ನೆರಳನ್ನೇ. ಆಕಾಶದ ಮಬ್ಬನ್ನು ನಾವು ಒರೆಸಲಾರೆವು. ಆದರೆ ಒಂದು ದೀಪವೂ ನೇರವಾಗಿ ಕಣ್ಣಿಗೆ ಬೀಳದ ಹಾಗೆ ಮಲಗಬಹುದು. ಅದರಿಂದಲೇ ಅರ್ಧ ಕೆಲಸವಾಗುತ್ತದೆ. ಜಮಖಾನ ಹಾಸುತ್ತೇನೆ. ಇಬ್ಬರೂ ಅಂಗಾತ ಮಲಗಿ ಕಂಬಳಿ ಹೊದೆಯುತ್ತೇವೆ. ತಾರಸಿಯ ಸಿಮೆಂಟು ಹಗಲಿನ ಬಿಸಿಲನ್ನು ಬೆನ್ನಿನಡಿ ಸ್ವಲ್ಪ ಉಳಿಸಿಕೊಂಡಿದೆ.

"ಈಗ ಇಪ್ಪತ್ತೈದು ನಿಮಿಷ ಏನೂ ಮಾಡೋ ಹಾಗಿಲ್ಲ. ಫೋನೂ ಇಲ್ಲ."

"ಟೈಮ್ ನೋಡೋದು ಹೇಗೆ?"

ಟಾರ್ಚಿನ ಮೂತಿಗೆ ಕೆಂಪು ಜಿಲೆಟಿನ್ ಪೇಪರನ್ನು ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಅದನ್ನು ಒತ್ತಿ ಕೈಗಡಿಯಾರ ತೋರಿಸುತ್ತೇನೆ. ಕಣ್ಣಿನ ಪರದೆಯಲ್ಲಿ ಮಂದ ಬೆಳಕಿಗೆಂದೇ ಇರುವ ಕೋಶಗಳಿವೆ. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಬೆಳಕಿಗೆ ಚದುರಿ, ಕತ್ತಲಲ್ಲಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಕೂಡಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಕೆಡಲು ಒಂದು ಮೆಸೇಜು ಓದಿದರೆ ಸಾಕು. ಕೆಂಪು ಬೆಳಕು ಮಾತ್ರ ಅದನ್ನು ಅಷ್ಟಾಗಿ ಕಲಕುವುದಿಲ್ಲ. ಇದನ್ನೆಲ್ಲ ಅವಳಿಗೆ ಹೇಳುತ್ತೇನೆ. ಎಷ್ಟು ಅರ್ಥವಾಯಿತೋ, ಫೋನನ್ನಂತೂ ಮಗುಚಿ ಜಮಖಾನದಡಿಗೆ ತಳ್ಳಿದಳು.

ಕಾಯುವಾಗ ನೆತ್ತಿಯ ಮೇಲಿನ ಕೃತ್ತಿಕೆಯನ್ನು ನೋಡುವುದು ನನ್ನ ರೂಢಿ. ಬೆಟ್ಟದ ಮೇಲಿನ ಆಕಾಶದಲ್ಲಿ ಅಲ್ಲಿ ಆರು ನಕ್ಷತ್ರಗಳನ್ನು ಸಲೀಸಾಗಿ ಎಣಿಸಬಹುದು. ಇಲ್ಲಿ ಹತ್ತೂ ಮುಕ್ಕಾಲಿಗೆ ಅದೊಂದು ಉಸಿರು ತಾಗಿದ ಕನ್ನಡಿಯ ಕಲೆ. ಹನ್ನೊಂದಕ್ಕೆ, ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಟ ಇಟ್ಟಾಗ, ಕಲೆಯೊಳಗಿಂದ ಒಂದು ಚುಕ್ಕಿ ಬಿಡಿಸಿಕೊಂಡಿತು. ಆಮೇಲೆ ಎರಡು. ಮೂರನೆಯದು ಬಂದು ಬಂದು ಹೋಗುತ್ತದೆ. ಅಂದರೆ ಈ ರಾತ್ರಿ ನನ್ನ ಕಣ್ಣಿನ ಮಿತಿ ನಾಲ್ಕನೇ ಕಾಂತಿಮಾನದ ಆಸುಪಾಸು. ಒಳ್ಳೆಯ ಕತ್ತಲಲ್ಲಿ ಅದು ಆರೂವರೆ ಇರುತ್ತದೆ.

ಈ ಎರಡೂವರೆ ದರ್ಜೆಯ ಅಂತರ ಕೇಳಲು ಸಣ್ಣದು. ಲೆಕ್ಕಕ್ಕಿಳಿದರೆ ಎದೆ ಧಸಕ್ಕೆನ್ನುತ್ತದೆ. ಈ ಉಲ್ಕಾವೃಷ್ಟಿಯಲ್ಲಿ ಕಾಂತಿಮಾನ ಒಂದೊಂದು ದರ್ಜೆ ಮಸುಕಾದಂತೆ ಉಲ್ಕೆಗಳ ಎಣಿಕೆ ಸುಮಾರು ಎರಡೂವರೆ ಪಟ್ಟು ಏರುತ್ತದೆ. ಮಸುಕಾದವೇ ಹೆಚ್ಚು, ಹೊಳೆಯುವವು ಕಡಿಮೆ. ಹಾಗಾಗಿ ಎರಡೂವರೆ ದರ್ಜೆ ಕಳೆದುಕೊಂಡ ಊರಿನ ಕಣ್ಣಿಗೆ ಹತ್ತರಲ್ಲಿ ಒಂದೂ ಸಿಗುವುದು ಕಷ್ಟ. ಗಂಟೆಗೆ 120, 150 ಎಂದು ಪತ್ರಿಕೆಗಳಲ್ಲಿ ಬರುವ ಸಂಖ್ಯೆ ಕಾಡಿಗೆಗಪ್ಪು ಆಕಾಶದಡಿ, ಉಲ್ಕೆಗಳ ಮೂಲಬಿಂದು ನೆತ್ತಿಯಲ್ಲೇ ಇರುವಾಗಿನದು. ಹನುಮಂತನಗರದಲ್ಲಿ ಅದು ಗಂಟೆಗೆ ಎಂಟು, ಹತ್ತು. ಇದನ್ನು ಮೊದಲೇ ತಿಳಿದು ಮಲಗಬೇಕು. ಸುದ್ದಿ ಓದಿ ತಾರಸಿಗೆ ಬಂದು, ಹತ್ತು ನಿಮಿಷ ಕತ್ತೆತ್ತಿ ನಿಂತು, ಎಲ್ಲ ಸುಳ್ಳು ಎಂದು ಇಳಿದುಹೋದವರನ್ನು ನಾನು ಬಲ್ಲೆ. ಅವರಿಗಾದ ಬೇಸರ ನಿಜವಾದದ್ದೇ, ಯಾರೂ ಅವರಿಗೆ ಈ ಲೆಕ್ಕ ಹೇಳಿರಲಿಲ್ಲ.

ಈಶಾನ್ಯದಲ್ಲಿ, ಎದುರು ಮನೆಯ ಸೋಲಾರ್ ಪ್ಲೇಟುಗಳ ಮೇಲೆ, ಅಕ್ಕಪಕ್ಕ ನಿಂತ ಎರಡು ನಕ್ಷತ್ರಗಳನ್ನು ಅವಳಿಗೆ ತೋರಿಸುತ್ತೇನೆ. ಕ್ಯಾಸ್ಟರ್ ಮತ್ತು ಪೊಲಕ್ಸ್. ನಮ್ಮ ಪುನರ್ವಸು. ಉಲ್ಕೆಗಳು ಚಿಮ್ಮುವಂತೆ ತೋರುವುದು ಕ್ಯಾಸ್ಟರಿನ ಪಕ್ಕದಿಂದ. ಆದರೆ ಅಲ್ಲಿಗೇ ದಿಟ್ಟಿಸಬಾರದು. ಅಲ್ಲಿ ಅವು ನಮ್ಮತ್ತಲೇ ಬರುವುದರಿಂದ ಗೆರೆ ಮೊಂಡಾಗಿರುತ್ತದೆ. ಅಲ್ಲಿಂದ ದೂರ, ಆಕಾಶದ ಅತಿ ಕಪ್ಪಾದ ಭಾಗಕ್ಕೆ ಮುಖ ಮಾಡಿ, ಎಲ್ಲವನ್ನೂ ಒಟ್ಟಿಗೆ ನೋಡುತ್ತ ಯಾವುದನ್ನೂ ನೋಡದವರ ಹಾಗೆ ಇರಬೇಕು. ನಮ್ಮ ತಾರಸಿಯಲ್ಲಿ ಆ ಕಪ್ಪು ನೆತ್ತಿಯಿಂದ ತುಸು ದಕ್ಷಿಣಕ್ಕೆ, ರೋಹಿಣಿಯ ಕೆಳಗಿದೆ.

ಹನ್ನೊಂದು ಗಂಟೆ ಎಂಟು ನಿಮಿಷ. ನಾನು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸುತ್ತಿದ್ದೆ.

"ಹೋಯ್ತು! ಮಾಮ, ಹೋಯ್ತು!"

ಕಾಫಿ ಕೈಮೇಲೆ ಚೆಲ್ಲಿತು. ಮೇಲೆ ನೋಡಿದರೆ ಏನಿದೆ, ಅದೇ ಅಲ್ಯೂಮಿನಿಯಂ.

"ಎಲ್ಲಿಂದ ಎಲ್ಲಿಗೆ? ಕೈಯಲ್ಲಿ ತೋರ್ಸು."

ಅವಳ ಬೆರಳು ಬ್ರಹ್ಮಹೃದಯದ ಹತ್ತಿರ ಶುರುವಾಗಿ ಗುರುವಿನ ಕಡೆಗೆ ಗೆರೆ ಎಳೆಯಿತು. "ಚಾಕ್‌ಪೀಸಲ್ಲಿ ಎಳೆದ ಹಾಗೆ. ತಕ್ಷಣ ಅಳಿಸಿಹೋಯ್ತು." ಗೆರೆಯನ್ನು ಹಿಂದಕ್ಕೆ ಎಳೆದುಕೊಂಡು ಹೋಗು ಎಂದೆ. ಬೆರಳು ಬಂದ ದಾರಿಯಲ್ಲೇ ವಾಪಸ್ಸು ಹೋಗಿ, ಸೋಲಾರ್ ಪ್ಲೇಟಿನ ಮೇಲಿನ ಜೋಡಿಯ ಬಳಿ ನಿಂತಿತು. ಹಾಗಾದರೆ ಅದು ಈ ಮನೆಯದೇ. ಬೇರೆ ದಿಕ್ಕಿನಿಂದ ಬಂದದ್ದಾಗಿದ್ದರೆ ಬಿಡಿ ಉಲ್ಕೆ, ಅದಕ್ಕೆ ಬೇರೆ ಕಾಲಂ. ನೋಟುಬುಕ್ಕನ್ನು ನೋಡದೆ ಪೆನ್ಸಿಲಿನಲ್ಲಿ ಬರೆದೆ: 11-08, ಅವಳದು.

ನಾನು ನೋಡಲಿಲ್ಲ ಎಂಬ ಸಂಕಟ ಎಂಟು ನಿಮಿಷ ಇತ್ತು. ಆಮೇಲೆ ರೋಹಿಣಿಯ ಕೆಳಗೆ, ನಾನು ಕಾಯುತ್ತಿದ್ದ ಕಪ್ಪಿನಲ್ಲೇ, ಹಳದಿ ಬೆರೆತ ಬಿಳಿಯ ಒಂದು ಗೀರು. ಅವಸರವಿಲ್ಲದೆ ಮೂಡಿ, ಮೊಳದುದ್ದ ಹರಿದು, ಆರಿತು. ಸದ್ದಿಲ್ಲ. ಆಕಾಶದಲ್ಲಿ ಇಷ್ಟು ದೊಡ್ಡದೊಂದು ನಡೆದಾಗ ಸದ್ದಾಗಬೇಕೆಂದು ಕಿವಿ ಪ್ರತಿಸಲವೂ ಕಾಯುತ್ತದೆ. ಕೇಳಿಸುವುದು ದೂರದ ಆಟೋ, ಯಾರದೋ ಮನೆಯ ಮೋಟಾರು.

ನವೆಂಬರಿನ ಸಿಂಹ ರಾಶಿಯ ಉಲ್ಕೆಗಳನ್ನು ಕಂಡವರಿಗೆ ಇವುಗಳ ನಡಿಗೆ ನಿಧಾನ ಅನ್ನಿಸುತ್ತದೆ. ಅವು ಸೆಕೆಂಡಿಗೆ 70 ಕಿಲೋಮೀಟರ್ ವೇಗದಲ್ಲಿ ಎದುರಿಗೇ ನುಗ್ಗುತ್ತವೆ. ಇವುಗಳದು 35. ನೆಲದಿಂದ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಕಣಗಳಿಗೆ ಬಡಿದು ಕಾಯುತ್ತವೆ, ಬೆಳಗುತ್ತವೆ, ಆವಿಯಾಗುತ್ತವೆ. ಬಿದ್ದದ್ದು ನಕ್ಷತ್ರವಲ್ಲ, ಕಲ್ಲಿನ ಹರಳು. ಎಷ್ಟು ದೊಡ್ಡದು ಎಂದು ಅವಳು ಕೇಳಿದಾಗ ಡಬ್ಬಿಗೆ ಕೈಹಾಕಿ ಒಂದು ಕಡಲೇಕಾಯಿ ಸುಲಿದು ಬೀಜವನ್ನು ಅವಳ ಅಂಗೈಯಲ್ಲಿಟ್ಟೆ.

"ಇಷ್ಟಾ?"

"ನಮ್ಮೂರಲ್ಲಿ ಚೆನ್ನಾಗಿ ಕಾಣ್ಬೇಕಾದ್ರೆ ಇಷ್ಟಿರ್ಬೇಕು. ಹೆಸರುಕಾಳಿನಷ್ಟಿದ್ರೆ ಕಷ್ಟ. ರಾಗಿ ಕಾಳಿನಷ್ಟಿರೋದು ಇಲ್ಲಿ ಕಾಣೋದೇ ಇಲ್ಲ. ಅದಕ್ಕೆ ಬೆಟ್ಟಕ್ಕೇ ಹೋಗ್ಬೇಕು."

ಅವಳು ಬೀಜವನ್ನು ಬೆರಳಲ್ಲಿ ಹೊರಳಿಸಿ ನೋಡಿ, ತಿಂದಳು.

ಹನ್ನೊಂದೂವರೆಯೊಳಗೆ ನಾಲ್ಕು. ನಡುವೆ ಅವಳು ಎರಡು ಸಲ ಕೂಗಿದಳು. ಒಂದು ದೇವನಹಳ್ಳಿಯ ಕಡೆಗೆ ಇಳಿಯುತ್ತಿದ್ದ ವಿಮಾನ, ಇನ್ನೊಂದು ಬಾವಲಿ. ಬಾವಲಿಯ ಹೊಟ್ಟೆಗೆ ಬೀದಿದೀಪದ ಬೆಳಕು ಬಿದ್ದು ಅದೂ ಒಂದು ಕ್ಷಣ ಹೊಳೆದಿತ್ತು.

ಪಕ್ಕದ ತಾರಸಿಯ ಬಾಗಿಲು ಕಿರ್ರೆಂದಿತು. ಚಪ್ಪಲಿಯ ಸದ್ದು ಪ್ಯಾರಪೆಟ್ಟಿನ ಹತ್ತಿರ ಬಂದು ನಿಂತಿತು.

"ಯಾರದು ಅಲ್ಲಿ?"

"ನಾನೇ ಅಜ್ಜಿ."

"ಇಷ್ಟೊತ್ತಲ್ಲಿ ಮಗೂನ ಚಳೀಲಿ ಮಲಗಿಸ್ಕೊಂಡು ಏನ್ ಮಾಡ್ತಿದ್ದೀಯಪ್ಪಾ?"

"ಚುಕ್ಕಿ ಬೀಳೋದು ನೋಡ್ತಿದ್ದೀವಿ ಅಜ್ಜಿ. ಇವತ್ತು ಪುನರ್ವಸು ಕಡೆಯಿಂದ ಬೀಳ್ತವೆ."

"ಪುನರ್ವಸುನಾ?" ಅಜ್ಜಿಯ ದನಿಯಲ್ಲಿ ಅನುಮಾನ. "ಅದು ಮಳೆ ಅಲ್ವೇನೋ? ಆಷಾಢದ್ದು. ಮೃಗಶಿರ, ಆರಿದ್ರೆ, ಆಮೇಲೆ ಪುನರ್ವಸು."

ಅಜ್ಜಿ ಮಧುಗಿರಿ ಕಡೆಯವರು. ಮದುವೆಯಾಗಿ ಬೆಂಗಳೂರಿಗೆ ಬಂದು ಐವತ್ತು ವರ್ಷಕ್ಕೆ ಮೇಲಾಯಿತು. ಮಳೆ ನಕ್ಷತ್ರಗಳ ಹೆಸರು ಅವರಿಗೆ ಇವತ್ತಿಗೂ ಬಾಯಿಪಾಠ. ಶೇಂಗಾ ಬಿತ್ತನೆ ಯಾವ ಮಳೆಗೆ, ಯಾವ ಮಳೆ ಕೈಕೊಟ್ಟರೆ ಬೆಳೆ ಹೋಯಿತು, ಎಲ್ಲ ಗೊತ್ತು. ಆ ಹೆಸರಿನ ನಕ್ಷತ್ರ ಮೇಲಿದೆ ಎಂದು ಯಾರೂ ಕೈ ಹಿಡಿದು ತೋರಿಸಿರಲಿಲ್ಲ. ತೋರಿಸುವುದೂ ಸುಲಭವಲ್ಲ. ಸೂರ್ಯ ಪುನರ್ವಸುವಿನಲ್ಲಿರುವ ಜುಲೈನ ಹದಿನಾಲ್ಕು ದಿನಗಳಿಗೆ ಪುನರ್ವಸು ಮಳೆ ಎನ್ನುತ್ತೇವೆ. ಆಗ ಆ ನಕ್ಷತ್ರ ಸೂರ್ಯನ ಜೊತೆಯಲ್ಲೇ ಹುಟ್ಟಿ ಸೂರ್ಯನ ಜೊತೆಯಲ್ಲೇ ಮುಳುಗುತ್ತದೆ, ಯಾರ ಕಣ್ಣಿಗೂ ಕಾಣುವುದಿಲ್ಲ. ಆರು ತಿಂಗಳು ಕಳೆದು, ಮಳೆಗಾಲವೆಲ್ಲ ಮುಗಿದ ಮೇಲೆ, ನಡುರಾತ್ರಿ ನಮ್ಮ ತಲೆಯ ಮೇಲೆ ಬರುತ್ತದೆ.

"ಮಳೆಗೆ ಹೆಸರು ಕೊಟ್ಟಿದ್ದೇ ಆ ಚುಕ್ಕಿ ಅಜ್ಜಿ. ಅಗೋ ಅಲ್ಲಿ, ಜೋಡಿಯಾಗಿವೆಯಲ್ಲ. ನೀವು ನಿಂತಿರೋ ಕಡೆ ಬಲ್ಬು ಕಣ್ಣಿಗೆ ಹೊಡೆಯತ್ತೆ, ಕಾಣಲ್ಲ."

ಅಜ್ಜಿ ತಿರುಗಿ ಬಲ್ಬನ್ನೊಮ್ಮೆ ನೋಡಿದರು. "ಕಳ್ಳಕಾಕರು ಅಂತ ಹಾಕಿರೋದು. ಈಗ ನಾನೇ ಇದ್ದೀನಲ್ಲ," ಎಂದು ಒಳಗೆ ಕೈಚಾಚಿ ಸ್ವಿಚ್ಚು ಒತ್ತಿದರು.

ಒಂದೇ ಒಂದು ಬಲ್ಬು. ಟ್ಯಾಂಕಿನ ಮೈಮೇಲಿನ ಬಿಳುಪು ಆರಿತು. ಒಣಹಾಕಿದ ಬಟ್ಟೆ, ತುಳಸಿ ಕುಂಡ, ಪ್ಯಾರಪೆಟ್ಟಿನ ಅಂಚು, ಎಲ್ಲ ಹಿಂದೆ ಸರಿದವು. ಆಕಾಶ ಇದ್ದಂತೆಯೇ ಇದೆ. ಆದರೆ ಕಣ್ಣು ಇನ್ನಷ್ಟು ಹಿಗ್ಗಿತು. ಎರಡು ನಿಮಿಷ ಕಳೆದು ನೋಡಿದರೆ ಕೃತ್ತಿಕೆಯ ಮೂರನೆಯ ಚುಕ್ಕಿ ಬಂದು ನಿಂತೇಬಿಟ್ಟಿದೆ, ನಾಲ್ಕನೆಯದು ಇಣುಕುತ್ತಿದೆ.

ಇಲ್ಲಿಂದ ಎರಡು ಮೂರು ಕಿಲೋಮೀಟರ್ ದೂರದ ಮಾರ್ಕೆಟ್ಟಿನ ಸುತ್ತ 1905ರ ಆಗಸ್ಟ್ 5ರಂದು ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪಗಳು ಹೊತ್ತಿಕೊಂಡವು. ಶಿವನಸಮುದ್ರದ ಕಾವೇರಿ ನೀರಿನಿಂದ ಬಂದ ಬೆಳಕು. ಆ ಸಂಜೆ ನೆರೆದ ಜನರ ಸಂತೋಷವನ್ನು ನಾನು ಊಹಿಸಬಲ್ಲೆ, ಅದರಲ್ಲಿ ಪಾಲೂ ಬೇಡಬಲ್ಲೆ. ಬೆಳಕು ಬೇಡವೆಂದು ಯಾರು ಹೇಳುತ್ತಾರೆ? ರಾತ್ರಿ ಪಾಳಿ ಮುಗಿಸಿ ಮನೆಗೆ ನಡೆದು ಬರುವ ಹೆಣ್ಣುಮಗಳಿಗೆ ರಸ್ತೆ ಬೆಳಗಿರಬೇಕು. ನನ್ನ ತಕರಾರು ರಸ್ತೆಗೆ ಬೀಳದೆ ಮೇಲಕ್ಕೆ ಹೋಗುವ ಬೆಳಕಿನ ಬಗ್ಗೆ. ಅದು ಯಾರ ಕಾಲಿಗೂ ದಾರಿ ತೋರಿಸುವುದಿಲ್ಲ. ಗಾಳಿಯ ಕಣಕ್ಕೆ, ದೂಳಿಗೆ, ಮಂಜಿಗೆ ಬಡಿದು ಚದುರಿ, ನಮ್ಮ ಕಣ್ಣಿಗೇ ವಾಪಸ್ಸು ಬಂದು ಕೂರುತ್ತದೆ. ಹಳೆಯ ಸೋಡಿಯಂ ದೀಪದ ಹಳದಿಗಿಂತ ಬಿಳಿ ಎಲ್‌ಇಡಿಯಲ್ಲಿ ನೀಲಿಯ ಪಾಲು ಹೆಚ್ಚು, ನೀಲಿ ಹೆಚ್ಚು ಚದುರುತ್ತದೆ. ಹಗಲಲ್ಲಿ ಆಕಾಶವನ್ನು ನೀಲಿಯಾಗಿಸುವ ಅದೇ ನಿಯಮ ರಾತ್ರಿ ಅದನ್ನು ಬಿಳಿಚಿಸುತ್ತದೆ. ದೀಪಕ್ಕೆ ಮೇಲಿನಿಂದೊಂದು ತಗಡಿನ ಟೋಪಿ ಹಾಕಿದರೆ ರಸ್ತೆಗೆ ಬೆಳಕು ಹೆಚ್ಚುತ್ತದೆ, ಆಕಾಶ ಕಪ್ಪಾಗುತ್ತದೆ. ಇದು ಕಷ್ಟದ ಕೆಲಸವಲ್ಲ, ಅದಕ್ಕೇ ಇನ್ನೂ ನೋವಾಗುತ್ತದೆ.

ಈ ವರ್ಷದ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. 2011ರಿಂದ 2022ರವರೆಗೆ ಸಾಮಾನ್ಯ ಜನರೇ ತಮ್ಮೂರಿನ ಆಕಾಶ ನೋಡಿ ಕಳಿಸಿದ 50,000ಕ್ಕೂ ಹೆಚ್ಚು ವರದಿಗಳನ್ನು ಕೂಡಿಸಿ ನೋಡಿದ್ದರು. ಹೆಚ್ಚಿನವು ಯುರೋಪು, ಉತ್ತರ ಅಮೆರಿಕದವು. ರಾತ್ರಿಯ ಆಕಾಶ ವರ್ಷಕ್ಕೆ ಸರಾಸರಿ ಶೇ. 9.6ರಷ್ಟು ಬೆಳ್ಳಗಾಗುತ್ತಿದೆಯಂತೆ. ಆ ಲೆಕ್ಕದಲ್ಲಿ, 250 ನಕ್ಷತ್ರ ಕಾಣುವ ಊರಿನಲ್ಲಿ ಹುಟ್ಟಿದ ಮಗು 18 ತುಂಬುವ ಹೊತ್ತಿಗೆ 100 ನಕ್ಷತ್ರ ನೋಡುತ್ತದೆ. ಪಕ್ಕದಲ್ಲಿ ಮಲಗಿರುವವಳಿಗೆ ಈಗ ಹತ್ತು ವರ್ಷ. ಅವಳಿಗೆ ಸಿಕ್ಕಿರುವ ಆಕಾಶ ಶುರುವಿನಲ್ಲೇ ಇಷ್ಟು.

ನಾನು ಇವಳಷ್ಟಿದ್ದಾಗ ಲೋಡ್ ಶೆಡ್ಡಿಂಗಿನ ರಾತ್ರಿಗಳಲ್ಲಿ ಬೀದಿಯವರೆಲ್ಲ ಚಾಪೆ ಹಿಡಿದು ಮಹಡಿ ಹತ್ತುತ್ತಿದ್ದೆವು. ಕರೆಂಟು ಬಂದಾಗ ಹಿರಿಯರೆಲ್ಲ ಒಟ್ಟಿಗೆ 'ಬಂತು' ಎಂದು ಕೂಗಿದರೆ ಮಕ್ಕಳು ಮುಖ ಊದಿಸುತ್ತಿದ್ದೆವು. ಈಗ ಕರೆಂಟು ಹೋದರೂ ಕತ್ತಲಾಗುವುದಿಲ್ಲ. ಮನೆಮನೆಯಲ್ಲೂ ಯುಪಿಎಸ್, ಅಪಾರ್ಟ್‌ಮೆಂಟಿಗೊಂದು ಜನರೇಟರು.

ಅಜ್ಜಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಪ್ಯಾರಪೆಟ್ಟಿನ ಆಚೆ ಕೂತಿದ್ದಾರೆ. ಡಬ್ಬಿ ಈಚೆಯಿಂದ ಆಚೆಗೆ ಹೋಗಿ ಬರುತ್ತಿದೆ. ಸಿಪ್ಪೆ ಮುರಿಯುವ ಸದ್ದು ಎರಡು ತಾರಸಿಯಲ್ಲೂ. ಹನ್ನೆರಡೂ ಇಪ್ಪತ್ತಕ್ಕೆ ಮಹಾವ್ಯಾಧ ನೆತ್ತಿಗೆ ಬಂದು ಆರ್ದ್ರಾ ಕೆಂಪಾಗಿ ನಮ್ಮ ಮೇಲೆ ನಿಂತಿದ್ದಾಗ, ಅದರ ಬಲಕ್ಕೆ ಕೊಯ್ದ ಹಾಗೆ ಒಂದು ದಪ್ಪ ಗೆರೆ ಇಳಿಯಿತು. ಮೂವರೂ ನೋಡಿದೆವು. ಅವಳು ಕೂಗಿದಳು, ನಾನು ಬರೆದುಕೊಂಡೆ. ಅಜ್ಜಿ ಕಣ್ಣು ಮುಚ್ಚಿ ಮೆಲ್ಲಗೆ ಏನೋ ಹೇಳಿಕೊಳ್ಳುತ್ತಿದ್ದರು.

"ಮಲ್ಲಿಗೆ, ಸಂಪಿಗೆ, ಸೇವಂತಿಗೆ..."

"ಅದೇನಜ್ಜಿ?"

"ಚುಕ್ಕಿ ಬೀಳೋದು ಕಂಡ್ರೆ ಹೂವಿನ ಹೆಸರು ಹೇಳ್ಬೇಕು ಅಂತ ನಮ್ಮವ್ವ ಹೇಳ್ತಿದ್ಲು ಪುಟ್ಟಿ. ಕೆಟ್ಟದ್ದು ತಟ್ಟಬಾರ್ದು ಅಂತ. ಎಷ್ಟು ವರ್ಷ ಆಯ್ತೋ ಕಾಣೆ, ಹೇಳೋ ಹಾಗೇ ಆಗಿರ್ಲಿಲ್ಲ."

ಮುಂದಿನದಕ್ಕೆ ಹುಡುಗಿ ತಾನೂ ತಯಾರಾದಳು. 12-31ಕ್ಕೆ ಗುಲಾಬಿ, ಕನಕಾಂಬರ. 12-34ಕ್ಕೆ ದಾಸವಾಳ. 12-36ಕ್ಕೆ ಒಂದರ ಹಿಂದೆ ಒಂದು ಎರಡು ಬಿದ್ದು ಅವಳು ಹೂವು ಸಿಗದೆ ತಡವರಿಸಿದಳು. ಹೇಳಿದ ಹೊತ್ತಿಗೆ ಹೇಳಿದ ಹಾಗೆ ನಡೆಯುತ್ತಿತ್ತು. ಐದು ನಿಮಿಷದಲ್ಲಿ ನಾಲ್ಕು, ಅದೂ ಹನುಮಂತನಗರದಲ್ಲಿ. ನನ್ನ ಗಂಟಲು ಕಟ್ಟಿಬಂತು.

ಮಂಡಿ ಹಿಡಿದುಕೊಂಡಿತೆಂದು ಅಜ್ಜಿ ಎದ್ದರು. ಬಲ್ಬು ಹಾಕಲಿಲ್ಲ. ಗೋಡೆ ತಡವುತ್ತ ಬಾಗಿಲೆಳೆದುಕೊಂಡರು.

ಒಂದಕ್ಕೆ ಮುಂಚೆ ಪೂರ್ವದಿಂದ ಮೋಡ ಬಂತು. ತಿಂಗಳ ಮೊದಲ ವಾರ ಚೆನ್ನೈಯನ್ನು ಮುಳುಗಿಸಿದ ಮಿಚಾಂಗ್ ಚಂಡಮಾರುತ ಸರಿದುಹೋದ ಮೇಲೂ ಡಿಸೆಂಬರಿನ ಬೆಂಗಳೂರಿಗೆ ಮೋಡದ ಭಯ ತಪ್ಪಿದ್ದಲ್ಲ. ಊರ ಬೆಳಕು ಮೋಡದ ಹೊಟ್ಟೆಗೆ ಬಿದ್ದು ಇಡೀ ಆಕಾಶ ಹಾಲು ಕಲಸಿದ ಬೂದಿಯಾಯಿತು. ಮೊದಲು ಪುನರ್ವಸು, ಆಮೇಲೆ ಮಹಾವ್ಯಾಧ, ಕೊನೆಗೆ ಗುರುವೂ ಒಳಹೋದ.

"ಈಗ ಬೀಳಲ್ವಾ ಮಾಮ?"

ಬೀಳುತ್ತಲೇ ಇವೆ. ಮೋಡ ಇರುವುದು ಕೆಲವೇ ಕಿಲೋಮೀಟರ್ ಎತ್ತರದಲ್ಲಿ, ಉಲ್ಕೆ ಉರಿಯುವುದು 100ರಲ್ಲಿ. 1933ರ ನವೆಂಬರಿನಲ್ಲಿ, ಸಿಂಹ ರಾಶಿಯ ಉಲ್ಕೆಗಳು ಬೀಳುವ ಹೊತ್ತಿನಲ್ಲಿ, ಕಲ್ಕತ್ತದಲ್ಲಿ ಶಿಶಿರ್‌ಕುಮಾರ್ ಮಿತ್ರ ಮತ್ತು ಅವರ ಸಂಗಡಿಗರು ಆಕಾಶಕ್ಕೆ ರೇಡಿಯೊ ತರಂಗಗಳನ್ನು ಕಳಿಸಿ ಅವು ಮರಳುವುದನ್ನು ಅಳೆದಿದ್ದರು. ಉರಿದುಹೋದ ಹರಳುಗಳು ಮೇಲಿನ ಗಾಳಿಯನ್ನು ವಿದ್ಯುದಾವೇಶಗೊಳಿಸುವುದು ಆ ಅಳತೆಯಲ್ಲಿ ಸಿಕ್ಕಿತು. ಮೋಡವಾಗಲಿ ಹಗಲಾಗಲಿ ರೇಡಿಯೊಗೆ ಅಡ್ಡಿಯಲ್ಲ. ಇನ್ನೂ ಹತ್ತಿರದ್ದೊಂದಿದೆ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯವರ ಕೇಂದ್ರವಿದೆ. ಅಲ್ಲಿನ ಕೋಣೆಯಲ್ಲಿ ಕೂತು ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು ಉಪಗ್ರಹದ ಮೂಲಕ ತಿರುಗಿಸುತ್ತಾರೆ. ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರ, ಒಣ ಗಾಳಿ, ಸುತ್ತ ದೀಪವಿಲ್ಲ. ಆ ಕತ್ತಲನ್ನು ಕಾಪಾಡಬೇಕೆಂದೇ ಅದನ್ನು ಕತ್ತಲಾಕಾಶದ ಮೀಸಲು ಪ್ರದೇಶ ಎಂದು ಘೋಷಿಸಿದ್ದಾರೆ. ನಮ್ಮ ಮೋಡದಾಚೆ, ಈ ಹೊತ್ತಿನಲ್ಲಿ, ಅಲ್ಲಿ ರಾಗಿ ಕಾಳಿನಷ್ಟಿರುವವೂ ಕಾಣುತ್ತಿರಬೇಕು.

ಕಂಬಳಿಯೊಳಗೆ ಅವಳಿಗೆ ಫೇಥಾನಿನ ಕತೆ ಹೇಳಿದೆ. ಹೆಚ್ಚಿನ ಉಲ್ಕಾವೃಷ್ಟಿಗಳು ಧೂಮಕೇತುಗಳ ಬಾಲದ ದೂಳು. ಇದು ಹಾಗಲ್ಲ. 1862ರಲ್ಲಿ ಮೊದಲು ಗುರುತಿಸಿದ ಈ ಉಲ್ಕೆಗಳ ತಾಯಿ ಯಾರೆಂದು ನೂರು ವರ್ಷ ದಾಟಿದರೂ ತಿಳಿದಿರಲಿಲ್ಲ. 1983ರಲ್ಲಿ ಐರಾಸ್ ಎಂಬ ಅತಿಗೆಂಪು ಉಪಗ್ರಹದ ಕಣ್ಣಿಗೆ ಫೇಥಾನ್ ಎಂಬ ಕ್ಷುದ್ರಗ್ರಹ ಬಿತ್ತು. ಅದರ ದಾರಿಯೂ ಈ ಉಲ್ಕೆಗಳ ದಾರಿಯೂ ಒಂದೇ ಎಂದು ಕಂಡುಕೊಂಡವರು ಫ್ರೆಡ್ ವಿಪಲ್. ಐದಾರು ಕಿಲೋಮೀಟರ್ ಅಗಲದ ಬಂಡೆ, ನಮ್ಮ ಹನುಮಂತನಗರ ಬಸವನಗುಡಿ ಜಯನಗರವೆಲ್ಲ ಕೂಡಿದಷ್ಟು. ಒಂದೂವರೆ ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಸೂರ್ಯನನ್ನು ಸುತ್ತುತ್ತದೆ, ಬುಧನಿಗಿಂತ ಬಹಳ ಒಳಕ್ಕೆ ನುಗ್ಗಿ ಸುಟ್ಟುಕೊಂಡು ಬರುತ್ತದೆ. ಗ್ರೀಕರ ಕತೆಯಲ್ಲಿ ಫೇಥಾನ್ ಸೂರ್ಯನ ಮಗ. ಅಪ್ಪನ ರಥ ಓಡಿಸುತ್ತೇನೆಂದು ಹಟ ಹಿಡಿದು, ಕುದುರೆಗಳು ಕೈಮೀರಿ, ಉರಿದು ಬಿದ್ದವನು.

"ಪಾಪ," ಎಂದಳು. ಆಮೇಲೆ, "ಅವ್ನ ಚೂರುಗಳಾ ಇವು?"

ಹೌದೆಂದೆ.

ಒಂದೂವರೆಗೆ ಮೋಡ ಹರಿಯಿತು. ತೊಳೆದ ಹಾಗೆ. ಗಾಳಿಯಲ್ಲಿ ದೂಳು ಕೂತಿತ್ತೋ, ಊರಿನ ದೀಪಗಳು ಒಂದಷ್ಟು ಆರಿದ್ದವೋ, ಆಕಾಶ ಹತ್ತೂವರೆಗಿಂತ ಕಪ್ಪಾಗಿತ್ತು. ದಕ್ಷಿಣದಲ್ಲಿ ಮನೆಗಳ ಮೇಲೆ ಅಗಸ್ತ್ಯ ನಿಚ್ಚಳವಾಗಿ ನಿಂತಿದ್ದ. ಪುನರ್ವಸು ಎತ್ತರಕ್ಕೆ ಏರಿತ್ತು. ಈ ಉಲ್ಕೆಗಳಲ್ಲಿ ದೊಡ್ಡ ಹರಳುಗಳು ತುತ್ತತುದಿ ದಾಟಿದ ಮೇಲೆ ಹೆಚ್ಚು ಬರುತ್ತವೆ. ಊರಿನವರಿಗೆ ಅದೇ ಭಾಗ್ಯ.

1-52. ಅದು ಉತ್ತರಕ್ಕೆ ಹೋಯಿತು, ಊರಿನ ಅತಿ ಬಿಳಿಯ ಭಾಗಕ್ಕೆ. ಅಲ್ಲಿ ಏನೂ ಕಾಣಲಾರದೆಂದು ನಾನು ಎಂದೋ ಕೈಬಿಟ್ಟಿದ್ದ ಆಕಾಶ. ಸಪ್ತರ್ಷಿ ಮಂಡಲದ ಪಕ್ಕದಲ್ಲಿ ಹೊತ್ತಿಕೊಂಡು, ಹೋಗುತ್ತ ಹೋಗುತ್ತ ದಪ್ಪವಾಗಿ, ಗುರುವಿಗಿಂತ ಬೆಳ್ಳಗಾಗಿ, ಕೊನೆಯಲ್ಲಿ ಹಸಿರು ಮಿಂಚಿ ಎರಡಾಗಿ ಒಡೆಯಿತು. ಎದುರು ಮನೆಯ ಸೋಲಾರ್ ಪ್ಲೇಟಿನ ಮೇಲೆ ಅದರ ಹೊಳಪು ಜಾರಿದ್ದನ್ನು ನಾನು ಕಂಡೆ. ಕೆಳಗೆ ಬೀದಿಯಲ್ಲಿ ಅಪಾರ್ಟ್‌ಮೆಂಟಿನ ವಾಚ್‌ಮನ್ ಕುರ್ಚಿಯಿಂದೆದ್ದು ಕತ್ತೆತ್ತಿ ನಿಂತಿದ್ದ. ಅವನೂ ಕಂಡಿದ್ದ. ನಾನು ಮೇಲಿನಿಂದ ಕೈ ಬೀಸಿದೆ. ಅವನು ಆಕಾಶದತ್ತ ಬೆರಳು ತೋರಿಸಿದ.

ಅವಳು ಕೂಗಲಿಲ್ಲ, ಹೂವಿನ ಹೆಸರೂ ಹೇಳಲಿಲ್ಲ. ಕಂಬಳಿಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು ಆ ಗೆರೆ ಇದ್ದ ಜಾಗವನ್ನೇ ನೋಡುತ್ತಿದ್ದಳು. ಹತ್ತು ನಿಮಿಷಕ್ಕೆ ನಿದ್ದೆ ಹೋದಳು. ಮಂಕಿ ಕ್ಯಾಪನ್ನು ಕಿವಿಯ ಮೇಲೆ ಸರಿಮಾಡಿ, ಎತ್ತಿಕೊಂಡು ಏಣಿ ಇಳಿದು, ಅಕ್ಕನ ಪಕ್ಕ ಮಲಗಿಸಿ ಮತ್ತೆ ಬಂದೆ. ಆಮೇಲಿನ ಎರಡು ಗಂಟೆ ನಾನೊಬ್ಬನೇ. ಉಲ್ಕೆಗಳ ನಡುವಿನ ಹೊತ್ತು ಉದ್ದವಾಯಿತು, ಹತ್ತು ನಿಮಿಷ, ಹನ್ನೆರಡು ನಿಮಿಷ. ಮೂರರ ನಂತರ ಗುರು ಮುಳುಗಿದ. ನಾಲ್ಕರ ಹೊತ್ತಿಗೆ ಪೂರ್ವದ ಮನೆಗಳ ಸಂದಿಯಲ್ಲಿ ಬೆಳ್ಳಿ ಮೂಡಿತ್ತು. ಜಮಖಾನದ ಮೇಲೆ ಇಬ್ಬನಿ. ನೋಟುಬುಕ್ಕಿನ ಹಾಳೆ ಮೆತ್ತಗಾಗಿ ಪೆನ್ಸಿಲು ಕಚ್ಚುತ್ತಿರಲಿಲ್ಲ.

ಕಡಲೇಕಾಯಿ ಸಿಪ್ಪೆ ಗುಡಿಸಿ ಕಾಗದಕ್ಕೆ ಕಟ್ಟುತ್ತಿದ್ದಾಗ, 4-41ಕ್ಕೆ, ಪುನರ್ವಸು ಪಶ್ಚಿಮಕ್ಕೆ ವಾಲಿದ್ದ ಕಡೆಯಿಂದ ಸಣ್ಣದೊಂದು ನೆತ್ತಿಯವರೆಗೆ ಹಾದುಬಂತು. ಮೂವತ್ತೊಂದು.

ಹಾಲಿನ ವ್ಯಾನು ಮೂಲೆಯಲ್ಲಿ ನಿಂತು ಕ್ರೇಟು ಇಳಿಸುತ್ತಿತ್ತು. ಪಕ್ಕದ ಮನೆಯ ಮುಂಬಾಗಿಲು ತೆರೆದು ಅಜ್ಜಿ ನೀರಿನ ಚೊಂಬು ಹಿಡಿದು ಹೊರಗೆ ಬಂದರು. ಮೇಲೆ ನನ್ನ ಸುಳಿವು ಹತ್ತಿರಬೇಕು, ಕತ್ತೆತ್ತಿದರು.

"ಎಷ್ಟಾಯ್ತಪ್ಪಾ?"

"ಮೂವತ್ತೊಂದು ಅಜ್ಜಿ."

"ನಂದೂ ಸೇರ್ಸಿದ್ಯಾ?"

ಕೆಂಪು ಟಾರ್ಚು ಒತ್ತಿ ನೋಟುಬುಕ್ಕಿನ ಸಾಲನ್ನು ಹುಡುಕಿದೆ. 12-20, ಮೂವರದೂ.

"ಸೇರ್ಸಿದ್ದೀನಿ ಅಜ್ಜಿ."